ವಲಸೆ ನೀರುಹಕ್ಕಿಗಳ ಬೇಟೆ: ಕಾನೂನು ಮತ್ತು ನಾಗರಿಕರ ಹಕ್ಕು

ಗದಗ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಜೌಗುತಾಣ. ಚಳಿಗಾಲದಲ್ಲಿ ಇಲ್ಲಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಬೇಸಿಗೆ ಕಾಲಿಡುವ ಹೊತ್ತಿಗೆ ಹಿಮಾಲಯ ದಾಟಿ ಟಿಬೆಟ್, ಮಂಗೋಲಿಯಾಗಳತ್ತ ಮರಳುತ್ತವೆ. ಹೊರಡುವ ಮುನ್ನ ಚೆನ್ನಾಗಿ ಮೇದು ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳುತ್ತವೆ. ಆ ವಾರಗಳಲ್ಲಿ ನಡೆಯುವ ಬೇಟೆಯ ಪೆಟ್ಟು ದೊಡ್ಡದು. ಚಳಿಗಾಲವನ್ನು ದಾಟಿ ಉಳಿದ ಹಕ್ಕಿ ಸತ್ತರೆ ಆ ವರ್ಷ ಅದಕ್ಕೆ ಹುಟ್ಟಬೇಕಾದ ಮರಿಗಳೂ ಇಲ್ಲವಾಗುತ್ತವೆ. ಹೆಬ್ಬಾತುಗಳು ವರ್ಷಗಟ್ಟಲೆ ಒಂದೇ ಜೋಡಿಯಾಗಿ ಬಾಳುವುದರಿಂದ, ಉಳಿದ ಸಂಗಾತಿಯೂ ಆ ಸಲ ಮರಿ ಮಾಡದೆ ಹೋಗಬಹುದು. ಸದ್ದಿಗೆ ಬೆದರಿ ಪದೇ ಪದೇ ಹಾರುವ ಹಿಂಡು ಕೂಡಿಟ್ಟ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ.

ಕಾನೂನು ಏನು ಹೇಳುತ್ತದೆ?

ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ 9ನೇ ಕಲಂ ಅನುಸೂಚಿ 1 ಮತ್ತು 2ರಲ್ಲಿರುವ ಕಾಡುಪ್ರಾಣಿ, ಪಕ್ಷಿಗಳ ಬೇಟೆಯನ್ನು ವರ್ಷವಿಡೀ ನಿಷೇಧಿಸುತ್ತದೆ. ಗುಂಡು ಹಾರಿಸುವುದಷ್ಟೇ ಬೇಟೆಯಲ್ಲ. ಬಲೆ ಬೀಸುವುದು, ಉರುಳು ಒಡ್ಡುವುದು, ವಿಷವಿಕ್ಕುವುದು, ಮೊಟ್ಟೆ ಅಥವಾ ಗೂಡು ಕೆಡಿಸುವುದು ಕೂಡ ಬೇಟೆಯೇ. ಹಿಡಿಯಲು ಅಥವಾ ಕೊಲ್ಲಲು ಯತ್ನಿಸಿ ವಿಫಲವಾದರೂ ಅಪರಾಧವೇ.

ಶಿಕ್ಷೆ

2022ರ ತಿದ್ದುಪಡಿಯ ಪ್ರಕಾರ ಸಾಮಾನ್ಯ ಉಲ್ಲಂಘನೆಗೆ 3 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅನುಸೂಚಿ 1ರ ಜೀವಿಯಾದರೆ ಅಥವಾ ಅಭಯಾರಣ್ಯದೊಳಗೆ ಬೇಟೆಯಾಡಿದರೆ 3ರಿಂದ 7 ವರ್ಷ ಸೆರೆವಾಸ, ಕನಿಷ್ಠ 25,000 ರೂಪಾಯಿ ದಂಡ.

ದೂರು ಕೊಡುವುದು ಹೇಗೆ?

ಬೇಟೆ ಕಂಡವರು ಅರಣ್ಯ ಸಹಾಯವಾಣಿ 1926ಕ್ಕೆ, ತುರ್ತಾದರೆ 112ಕ್ಕೆ ಕರೆ ಮಾಡಬಹುದು. ವಲಯ ಅರಣ್ಯಾಧಿಕಾರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯುವುದು ಒಳ್ಳೆಯದು. ದೂರಿನಲ್ಲಿ ಸ್ಥಳ, ದಿನಾಂಕ, ಸಮಯ, ವಾಹನದ ಸಂಖ್ಯೆ ಇರಲಿ. ಸಾಧ್ಯವಿದ್ದರೆ ದೂರದಿಂದಲೇ ತೆಗೆದ ಚಿತ್ರಗಳನ್ನು ಲಗತ್ತಿಸಬೇಕು. ಬೇಟೆಗಾರರನ್ನು ತಾವೇ ತಡೆಯಲು ಹೋಗಬಾರದು. ಬಲೆ, ತೋಟಾದ ಚೂರು, ಸತ್ತ ಹಕ್ಕಿಗಳನ್ನು ಮುಟ್ಟದಿದ್ದರೆ ಮಹಜರಿನಲ್ಲಿ ಸಾಕ್ಷ್ಯ ಉಳಿಯುತ್ತದೆ. ಬೇಟೆಗೆ ಬಲಿಯಾದ ಹಕ್ಕಿ ಸರ್ಕಾರದ ಸ್ವತ್ತು. ಅದು ಯಾರದೇ ಕೈಸೇರಿದರೂ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ತಿಳಿಸಬೇಕೆಂದು 39ನೇ ಕಲಂ ಹೇಳುತ್ತದೆ.

ದೂರಿಗೆ ಸ್ಪಂದನೆ ಸಿಗದಿದ್ದರೆ?

55ನೇ ಕಲಂ ಯಾವುದೇ ವ್ಯಕ್ತಿಗೆ ನೇರವಾಗಿ ನ್ಯಾಯಾಲಯಕ್ಕೆ ಹೋಗುವ ಹಕ್ಕು ಕೊಟ್ಟಿದೆ. ಆರೋಪಿತ ಅಪರಾಧವನ್ನೂ ದೂರು ಸಲ್ಲಿಸುವ ಉದ್ದೇಶವನ್ನೂ ವಿವರಿಸಿ ಸರ್ಕಾರಕ್ಕೆ ಅಥವಾ ಅಧಿಕೃತ ಅಧಿಕಾರಿಗೆ ಕನಿಷ್ಠ 60 ದಿನ ಮೊದಲು ನೋಟಿಸ್ ನೀಡಿರಬೇಕು. ಕೆರೆಯ ಸುತ್ತಲಿನ ಊರಿನವರು ಈ ಹಕ್ಕನ್ನು ತಿಳಿದು, ಹಕ್ಕಿಗಳು ಮರಳುವ ವಾರಗಳಲ್ಲಿ ಎಚ್ಚರದಿಂದಿದ್ದು, ಕಂಡ ಬೇಟೆಯನ್ನು ತಡಮಾಡದೆ ವರದಿ ಮಾಡಬೇಕು.