ಐದು ಸಾಕ್ಷಿಗಳೂ ಆರನೆಯ ಸಂಖ್ಯೆಯೂ

ಒಂದರಿಂದಲೂ ತನ್ನಿಂದಲೂ ಹೊರತು ಬೇರಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗಿಸಲ್ಪಡದ, ಒಂದಕ್ಕಿಂತ ದೊಡ್ಡದಾದ ಸಂಖ್ಯೆಯನ್ನು ಅವಿಭಾಜ್ಯವೆನ್ನುತ್ತೇವೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಮರೆತವರು ಈಗ ಮನೆಯಲ್ಲಿ ಓದುತ್ತಿರುವ ತಮ್ಮ ಮಕ್ಕಳನ್ನು ಕೇಳಬಹುದು.

2ನ್ನು ಅದರಿಂದಲೇ ಗುಣಿಸಿದರೆ 4. 4ನ್ನು ಅದರಿಂದಲೇ ಗುಣಿಸಿದರೆ 16. ಹೀಗೆಯೇ 256, 65536. ಇವುಗಳಲ್ಲಿ ಪ್ರತಿಯೊಂದಕ್ಕೂ ಒಂದನ್ನು ಕೂಡಿಸಿದರೆ 3, 5, 17, 257, 65537 ಎಂಬ ಐದು ಸಂಖ್ಯೆಗಳು ದೊರೆಯುವುವು. ಐದೂ ಅವಿಭಾಜ್ಯಗಳೇ. ಫ್ರಾನ್ಸ್ ದೇಶದ ತುಲೂಸ್ ಪಟ್ಟಣದಲ್ಲಿ ನ್ಯಾಯಾಧಿಕಾರಿಯಾಗಿದ್ದ ಫರ್ಮಾ ಎಂಬ ಮಹಾಗಣಿತಜ್ಞನು 1640ರಲ್ಲಿ ಇವನ್ನು ಕಂಡು, ಈ ಸಾಲಿನ ಸಂಖ್ಯೆಗಳೆಲ್ಲವೂ ಅವಿಭಾಜ್ಯಗಳೆಂದು ನಂಬಿದನು. ಆದರೆ ಅದಕ್ಕೆ ಸಾಧನೆಯನ್ನು ಕೊಡಲಾರದೆ ಹೋದನು. ಎರಡು ಲೆಕ್ಕಗಳು ಸರಿಹೋದೊಡನೆ “ಯಾವಾಗಲೂ ಹೀಗೆಯೇ” ಎಂದು ಬರೆದುಬಿಡುವ ಹುಡುಗಿಯನ್ನು ಗದರಿಸುವ ಮೊದಲು ನಾನು ಫರ್ಮಾನನ್ನು ನೆನೆದುಕೊಳ್ಳುವುದುಂಟು.

ಆರನೆಯ ಸಂಖ್ಯೆಯು 4294967297. ಎಂದರೆ ನಾನೂರ ಇಪ್ಪತ್ತೊಂಬತ್ತು ಕೋಟಿಗೂ ಮಿಕ್ಕುದು. 1732ರಲ್ಲಿ ಇಪ್ಪತ್ತೈದು ವರ್ಷದ ಆಯ್ಲರನು ಇದು 641 ಮತ್ತು 6700417 ಇವುಗಳ ಗುಣಲಬ್ಧವೆಂದು ತೋರಿಸಿದನು. ಅವಿಭಾಜ್ಯಗಳಿಂದ ಕ್ರಮವಾಗಿ ಭಾಗಿಸುತ್ತ ಹೋಗುವವರಿಗೆ 641 ದೊರೆಯುವುದು ನೂರ ಹದಿನಾರನೆಯ ಪ್ರಯತ್ನದಲ್ಲಿ. ಆದರೆ ಆಯ್ಲರನು ಸಾಧಿಸಿಕೊಟ್ಟ ನಿಯಮವೊಂದುಂಟು: ಈ ಸಂಖ್ಯೆಯ ಅವಿಭಾಜ್ಯ ಭಾಜಕವು ಯಾವುದೇ ಆಗಲಿ, ಅದು 64ರ ಅಪವರ್ತ್ಯಕ್ಕಿಂತ ಒಂದು ಹೆಚ್ಚಾಗಿಯೇ ಇರಬೇಕು. ಅಂಥ ಅವಿಭಾಜ್ಯಗಳು ಕ್ರಮವಾಗಿ 193, 257, 449, 577, 641. ಐದನೆಯ ಭಾಗಾಕಾರದಲ್ಲಿಯೇ ಕೆಲಸವು ಮುಗಿಯಿತು!

ಉದ್ದವಾದ ಭಾಗಾಕಾರವಿಲ್ಲದೆಯೂ ಇದನ್ನು ನೋಡಬಹುದು. ಕಾಗದ ಸೀಸಕಡ್ಡಿಗಳನ್ನು ತೆಗೆದುಕೊಳ್ಳಿರಿ. 640 ಎಂಬುದು 5ನ್ನು 2ರ 7ನೆಯ ಘಾತದಿಂದ ಗುಣಿಸಿದುದು. ಆದುದರಿಂದ 640ರ 4ನೆಯ ಘಾತವು, 625ನ್ನು 2ರ 28ನೆಯ ಘಾತದಿಂದ ಗುಣಿಸಿದುದಕ್ಕೆ ಸಮ. ಇನ್ನು 641 ಎಂದರೆ 625ಕ್ಕೆ 16ನ್ನು ಕೂಡಿಸಿದುದು; 16ನ್ನು 2ರ 28ನೆಯ ಘಾತದಿಂದ ಗುಣಿಸಿದರೆ 2ರ 32ನೆಯ ಘಾತವು. ಹೀಗಾಗಿ 641ನ್ನು 2ರ 28ನೆಯ ಘಾತದಿಂದ ಗುಣಿಸಿ, ಅದರಿಂದ 640ರ 4ನೆಯ ಘಾತವನ್ನು ಕಳೆದರೆ ಉಳಿಯುವುದು 2ರ 32ನೆಯ ಘಾತವೇ. 640ರ 4ನೆಯ ಘಾತವನ್ನು 641ರಿಂದ ಭಾಗಿಸಿದರೆ ಶೇಷವು 1. ಆದಕಾರಣ 2ರ 32ನೆಯ ಘಾತಕ್ಕೆ 1ನ್ನು ಕೂಡಿಸಿದರೆ, ಅಂದರೆ ನಮ್ಮ ಆರನೆಯ ಸಂಖ್ಯೆಯಲ್ಲಿ, ಶೇಷವೇ ಇರುವುದಿಲ್ಲ.

ಏಳನೆಯ ಸಂಖ್ಯೆಯಲ್ಲಿ ಇಪ್ಪತ್ತು ಅಂಕಿಗಳಿವೆ. ಅದು 274177ರಿಂದ ಭಾಗಿಸಲ್ಪಡುವುದೆಂದು 1880ರಲ್ಲಿ ಲಾಂಡ್ರಿ ಎಂಬವನು ತೋರಿಸಿದನು. ಆರನೆಯದರಿಂದ ಮೂವತ್ತಮೂರನೆಯದರ ವರೆಗಿನವೆಲ್ಲವೂ ವಿಭಾಜ್ಯಗಳೆಂಬುದು ಈಗ ತಿಳಿದಿದೆ. ಫರ್ಮಾನು ಕಂಡ ಐದರ ಹೊರತು ಆ ಸಾಲಿನಲ್ಲಿ ಇನ್ನೊಂದು ಅವಿಭಾಜ್ಯವು ಈ ವರೆಗೆ ಸಿಕ್ಕಿಲ್ಲ. ಇಲ್ಲವೇ ಇಲ್ಲವೆಂದು ಸಾಧಿಸಿದವರೂ ಯಾರೂ ಇಲ್ಲ.