ದಯಾಧರ್ಮವೂ ನೆರೆಹೊರೆಯೂ

ಸದ್ಗೃಹಸ್ಥನಾದ ಭಕ್ತನು ಪ್ರಾತಃಕಾಲದ ಇಷ್ಟಲಿಂಗಪೂಜೆಯನ್ನು ಮುಗಿಸಿ ಮನೆಯ ಹೊಸ್ತಿಲನ್ನು ದಾಟಿದನೆಂದರೆ ಅವನ ಎರಡನೆಯ ಪೂಜೆಯು ಆರಂಭವಾಯಿತೆಂದು ತಿಳಿಯಬೇಕು. ಮೊದಲನೆಯ ಪೂಜೆಗೆ ಕರಸ್ಥಲವೇ ಪೀಠ. ಎರಡನೆಯದಕ್ಕೆ ಓಣಿ, ಬಾವಿಕಟ್ಟೆ, ಸಂತೆ, ಗದ್ದೆ, ತೋಟಗಳೆಲ್ಲವೂ ಪೀಠ. ಮೊದಲನೆಯದನ್ನು ವಿಧಿಪೂರ್ವಕವಾಗಿ ಮಾಡಿ ಎರಡನೆಯದನ್ನು ಮರೆತವನ ಪೂಜೆಯು ನೈವೇದ್ಯವಿಲ್ಲದ ಅರ್ಚನೆಯಂತೆ ಅಪೂರ್ಣವಾಗಿ ಉಳಿಯುತ್ತದೆ.

ದಾಸೋಹವೆಂಬ ಶಬ್ದವನ್ನು ಕೇಳಿದೊಡನೆ ಜನರ ಕಣ್ಣಮುಂದೆ ನಿಲ್ಲುವದು ಜಾತ್ರೆಯ ಅನ್ನಸಂತರ್ಪಣೆ, ಕೊಪ್ಪರಿಗೆ ತುಂಬ ಅನ್ನ, ಸಾಲುಸಾಲಾಗಿ ಕುಳಿತ ಪಂಕ್ತಿಗಳು. ಅದು ದೊಡ್ಡ ದಾಸೋಹ. ವರ್ಷದಲ್ಲಿ ಒಂದೆರಡು ಸಲ, ಹಲವರ ಧನದಿಂದಲೂ ಹಲವರ ದುಡಿಮೆಯಿಂದಲೂ ನಡೆಯತಕ್ಕದ್ದು. ಆದರೆ ಆ ಶಬ್ದದ ಮೂಲವನ್ನು ವಿಚಾರಿಸಿದರೆ ‘ದಾಸನು ನಾನು’ ಎಂಬ ಭಾವವೇ ಅದರ ಜೀವವೆಂದು ಕಾಣುವದು. ದಾನದಲ್ಲಿ ಕೊಡುವವನ ಕೈ ಮೇಲೆ, ತೆಗೆದುಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ಬಾಗುತ್ತಾನೆ. ಈ ಬಾಗುವಿಕೆಗೆ ಕೊಪ್ಪರಿಗೆಯೂ ಬೇಕಿಲ್ಲ, ಜಾತ್ರೆಯೂ ಬೇಕಿಲ್ಲ. ಬಿಸಿಲಲ್ಲಿ ಬಂದವನಿಗೆ ಕೊಟ್ಟ ಒಂದು ತಂಬಿಗೆ ನೀರಿನಲ್ಲಿಯೂ ಅದು ಪೂರ್ಣವಾಗಿ ಇರಬಲ್ಲದು.

ಬಸವಣ್ಣನವರು ಒಂದು ವಚನದಲ್ಲಿ ಮನೆಗೆ ಬಂದವರನ್ನು ಮಾತನಾಡಿಸದ ಗೃಹಸ್ಥನನ್ನು ಕಠಿಣವಾಗಿ ವಿಚಾರಿಸಿದ್ದಾರೆ. ಆ ವಚನದ ತಾತ್ಪರ್ಯವನ್ನು ಮನಗಾಣಬೇಕು. ಕೊಡುವದಕ್ಕೆ ಕಣಜದಲ್ಲಿ ಕಾಳಿಲ್ಲದವನು ಬಡವನು, ಅವನಲ್ಲಿ ದೋಷವಿಲ್ಲ. ಕ್ಷೇಮಸಮಾಚಾರದ ಒಂದು ಮಾತಿಗೂ ಕೂಡ್ರುವ ಒಂದು ಚಾಪೆಗೂ ಯಾವ ಸಿರಿಯೂ ಬೇಕಾಗಿಲ್ಲ. ಅದನ್ನೂ ಕೊಡಲಾರದವನು ಬಡತನದ ನೆವ ಹೇಳುವಂತಿಲ್ಲ. ಹೀಗೆ ಅಣ್ಣನವರು ದಯಾಧರ್ಮವನ್ನು ಧನಿಕನ ಅಂಗಳದಿಂದ ಎತ್ತಿ ತಂದು ಎಲ್ಲರ ಹೊಸ್ತಿಲಿನಲ್ಲಿ ಇರಿಸಿದರು. ಧನವಿಲ್ಲದವನಿಗೂ ದಾಸೋಹದ ಅಧಿಕಾರ ದೊರೆಯಿತು. ಅದರೊಂದಿಗೆ ಹೊಣೆಯೂ ಬಂದಿತು.

ಇಲ್ಲಿ ಒಂದು ಶಂಕೆಯುಂಟು. ದಾಸೋಹವು ಗುರು-ಲಿಂಗ-ಜಂಗಮಕ್ಕೆ ಸಲ್ಲತಕ್ಕದ್ದಲ್ಲವೆ? ನೆರೆಯವನು ಲಿಂಗವಂತನಲ್ಲದಿದ್ದರೆ, ದಾರಿಹೋಕನ ಕುಲವೂ ಊರೂ ತಿಳಿಯದಿದ್ದರೆ, ಅಂಥವರಿಗೆ ಮಾಡಿದ ಉಪಕಾರವು ಧರ್ಮಾಚರಣೆಯಲ್ಲಿ ಸೇರುವದೆ?

ಸಮಾಧಾನವು ಹೀಗಿದೆ. ಜಂಗಮದಾಸೋಹವು ಭಕ್ತನ ಆಚಾರ. ದಯೆಯಾದರೋ ಆ ಆಚಾರಕ್ಕೂ ಆಧಾರವಾದದ್ದು. ಬಸವಣ್ಣನವರು ಧರ್ಮದ ಬೇರನ್ನು ಸಕಲ ಪ್ರಾಣಿಗಳ ಮೇಲಿನ ದಯೆಯಲ್ಲಿ ಕಂಡರೇ ಹೊರತು ಸ್ವಮತದವರ ಮೇಲಿನ ದಯೆಯೆಂದು ಅದಕ್ಕೆ ಬೇಲಿ ಕಟ್ಟಲಿಲ್ಲ. ಪರಂಪರೆಯೂ ಇದನ್ನೇ ನೆನಪಿಸುತ್ತದೆ. 12ನೆಯ ಶತಮಾನದಲ್ಲಿ ಕಲ್ಯಾಣದ ಕ್ಷೋಭೆಯ ತರುವಾಯ ಚೆನ್ನಬಸವಣ್ಣನವರೂ ಅನೇಕ ಶರಣರೂ ಕಾಡುದಾರಿಯನ್ನು ಹಿಡಿದು ಉಳವಿಗೆ ಬಂದರೆಂದು ಭಕ್ತರು ನಂಬಿಕೊಂಡು ಬಂದಿದ್ದಾರೆ. ಉಳವಿಯು ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನ ದಟ್ಟಡವಿಯಲ್ಲಿದೆ. ಇಂದು ಭಾರತ ಹುಣ್ಣಿಮೆಯ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಗಳಿಂದ ಚಕ್ಕಡಿ ಕಟ್ಟಿಕೊಂಡು ಹೋಗುವ ಭಕ್ತರಿಗೆ ಅದು ಪುಣ್ಯಕ್ಷೇತ್ರ. ಅಂದು ಅಲ್ಲಿಗೆ ಬಂದ ಶರಣರಾದರೋ ಆ ಕಾಡಿಗೆ ಪರಸ್ಥಳದವರೇ ಆಗಿದ್ದರು. ಅಪರಿಚಿತರಾಗಿ ದಾರಿ ನಡೆದವರ ಸಂತತಿಯು ಅಪರಿಚಿತನ ಕುಲವನ್ನು ಕೇಳಿ ನೀರು ಕೊಡುವದು ತಮ್ಮ ಹಿರಿಯರ ನಡೆಯನ್ನೇ ಮರೆತಂತೆ.

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲ್ಲೂಕುಗಳು ಈ ಧರ್ಮವನ್ನು ಅಭ್ಯಾಸಮಾಡಲು ಹೇಳಿಮಾಡಿಸಿದಂಥ ಪ್ರದೇಶ. ವಚನಪರಂಪರೆಯೂ ಈ ಸೀಮೆಗೆ ಹೊಸದಲ್ಲ. ಶಿರಸಿ ತಾಲ್ಲೂಕಿನ ಸೋದೆಯಿಂದ ಆಳಿದ ಸದಾಶಿವರಾಯನು ಸ್ವರವಚನಗಳನ್ನು ರಚಿಸಿದ ಅರಸನು. ಬಯಲುಸೀಮೆಯಲ್ಲಿ ಮನೆಗೆ ಮನೆ ತಾಗಿರುತ್ತದೆ. ಇಲ್ಲಿ ಹಾಗಲ್ಲ. ಒಂದು ಮನೆ ಗುಡ್ಡದ ಈ ಮಗ್ಗುಲಿಗೆ, ಮತ್ತೊಂದು ಹಳ್ಳದ ಆಚೆಗೆ, ನಡುವೆ ಅಡಿಕೆಯ ತೋಟ, ಬೆಟ್ಟ, ಕಾಡು. ಹವ್ಯಕರು, ಲಿಂಗವಂತರು, ನಾಮಧಾರಿಗಳು, ಸಿದ್ದಿಗಳು, ಗೌಳಿಗರು, ಮುಸಲ್ಮಾನರು ಹೀಗೆ ನಾನಾ ಸಮಾಜದವರು ಈ ಕಾಡುನಾಡಿನಲ್ಲಿ ಒಬ್ಬರನ್ನೊಬ್ಬರು ನೆಚ್ಚಿಕೊಂಡು ಬಾಳಬೇಕಾಗಿದೆ. ಮಳೆಗಾಲದ ರಾತ್ರಿಯಲ್ಲಿ ಮಗುವಿಗೆ ಜ್ವರ ಬಂದರೆ ಕೂಗಿ ಕರೆಯಲು ಆಚೆಯ ಮನೆಯವನಲ್ಲದೆ ಬೇರೆ ಯಾರಿದ್ದಾರೆ?

ಆದುದರಿಂದಲೇ ಈ ಸೀಮೆಯಲ್ಲಿ ಕೆಲವು ಒಳ್ಳೆಯ ವಾಡಿಕೆಗಳು ಬೇರೂರಿವೆ. ಹೊರಗಿನಿಂದ ಬಂದವನಿಗೆ ಮೊದಲು ನೀರು-ಬೆಲ್ಲ; ಬಂದ ಕಾರ್ಯದ ವಿಚಾರ ಆಮೇಲೆ. ಕಬ್ಬಿನ ಗಾಣ ಆಡುವ ಆಲೆಮನೆಯ ಬಳಿ ಹಾದುಹೋದವನಿಗೆ ಹಾಲು ಕುಡಿಸದೆ ಕಳುಹಿಸಬಾರದು. ಕಬ್ಬಿನ ರಸಕ್ಕೆ ಇಲ್ಲಿ ಹಾಲೆಂದೇ ಹೆಸರು. ಗದ್ದೆಯ ನಾಟಿಗೂ ತೋಟದ ಕೆಲಸಕ್ಕೂ ಒಬ್ಬರಿಗೊಬ್ಬರು ಮುಯ್ಯಾಳಾಗಿ ಹೋಗಬೇಕು. ಮಳೆಗಾಲಕ್ಕೆ ಮುನ್ನ ಹಳ್ಳಕ್ಕೆ ಅಡ್ಡಲಾಗಿ ಮರಗಳನ್ನು ಜೋಡಿಸಿ ಕಾಲುಸಂಕವನ್ನು ಕಟ್ಟಬೇಕು.

ಈ ವಾಡಿಕೆಗಳಲ್ಲಿಯೂ ಒಂದು ಭೇದವನ್ನು ಗುರುತಿಸಬೇಕು. ಮುಯ್ಯಾಳಿನಲ್ಲಿ ಲೆಕ್ಕವಿದೆ. ಇಂದು ಅವನ ಗದ್ದೆಗೆ ಇವನು, ನಾಳೆ ಇವನ ಗದ್ದೆಗೆ ಅವನು. ಅದು ಒಳ್ಳೆಯ ವ್ಯವಹಾರ. ಊರು ನಿಂತಿರುವದೇ ಅದರ ಮೇಲೆ. ಆದರೆ ಸಂಕದಲ್ಲಿ ಲೆಕ್ಕವಿಲ್ಲ. ಕೊಳೆತ ಮರವನ್ನು ತೆಗೆದು ಹೊಸದನ್ನು ಇರಿಸಿದವನಿಗೆ ಅದರ ಮೇಲೆ ನಾಳೆ ಯಾರು ನಡೆಯುವರೆಂಬದು ತಿಳಿಯದು; ನಡೆದವನಿಗೂ ಮರವನ್ನು ಇರಿಸಿದವನು ಯಾರೆಂಬದು ತಿಳಿಯದು. ಮುಯ್ಯಿ ತೀರಿಸಲಾರದವನಿಗೆ ಮಾಡಿದ ಉಪಕಾರವೇ ದಯೆ. ನೆರೆಯವನ ವಿಷಯದಲ್ಲಿ ಮುಯ್ಯಿಯ ಆಸೆ ಮನಸ್ಸಿನ ಮೂಲೆಯಲ್ಲಿ ಎಲ್ಲಿಯೋ ಉಳಿದಿರಬಹುದು. ಅಪರಿಚಿತನ ವಿಷಯದಲ್ಲಿ ಅದಕ್ಕೆ ಎಡೆಯೇ ಇಲ್ಲವಾದ್ದರಿಂದ ಅಲ್ಲಿ ಮನಸ್ಸಿನ ನಿಜವಾದ ಪರೀಕ್ಷೆಯಾಗುತ್ತದೆ.

ಇದಕ್ಕಿಂತಲೂ ಕಠಿಣವಾದ ಪರೀಕ್ಷೆ ಇನ್ನೊಂದಿದೆ. ಅದನ್ನು ಸಿದ್ದಾಪುರದ ಇತಿಹಾಸವು ಕಲಿಸಿಕೊಡುತ್ತದೆ. 1930ರಿಂದ 1934ರ ವರೆಗಿನ ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಸಿದ್ದಾಪುರ ಮತ್ತು ಅಂಕೋಲಾ ತಾಲ್ಲೂಕುಗಳ ರೈತರು ಕರನಿರಾಕರಣೆಯನ್ನು ಕೈಕೊಂಡರು. ಆಗ ಈ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಭೂಕಂದಾಯ ಕೊಡದವರ ಜಮೀನುಗಳನ್ನು ಸರಕಾರವು ಜಪ್ತಿಮಾಡಿ ಲಿಲಾವಿಗೆ ಇಟ್ಟಿತು. ಮನೆಯ ಗಂಡಸರು ಅನೇಕರು ಸೆರೆಮನೆಗೆ ಹೋದರು. ಹೆಂಗಸರೂ ಮಕ್ಕಳೂ ನೆಲೆ ತಪ್ಪಿದರು. ತಲೆಮಾರುಗಳಿಂದ ಸಾಕಿ ಬೆಳೆಸಿದ ತೋಟವು ಸ್ವಲ್ಪ ಬೆಲೆಗೆ ದೊರೆಯುವಂತಾಯಿತು.

ಅಂಥ ದಿನದಲ್ಲಿ ನೆರೆಮನೆಯವನ ಸ್ಥಿತಿಯನ್ನು ಯೋಚಿಸಬೇಕು. ಜಪ್ತಿಯಾದ ಮನೆಯ ಮಕ್ಕಳಿಗೆ ಒಂದು ಸೇರು ಅಕ್ಕಿಯನ್ನು ಅಳೆದುಕೊಡುವದು ಮಿಕ್ಕ ದಿನಗಳಲ್ಲಿ ಸಣ್ಣ ಕೆಲಸ. ಆ ದಿನಗಳಲ್ಲಿ ಅದಕ್ಕೆ ಎದೆಗಾರಿಕೆ ಬೇಕಿತ್ತು. ಅದಕ್ಕಿಂತಲೂ ದೊಡ್ಡದಾದ ಇನ್ನೊಂದು ಉಪಕಾರವಿತ್ತು. ಅದಕ್ಕೆ ಅಕ್ಕಿಯೂ ಬೇಡ, ಹಣವೂ ಬೇಡ. ಲಿಲಾವಿನಲ್ಲಿ ಬೆಲೆ ಕೂಗದೆ ಸುಮ್ಮನಿರುವದೇ ಆ ಉಪಕಾರ. ‘ನಾನು ಕೊಳ್ಳದಿದ್ದರೆ ಬೇರೆ ಯಾರೋ ಕೊಳ್ಳುವರು, ಕಾಯದೆಯೂ ಒಪ್ಪಿದೆ, ಇದರಲ್ಲಿ ನನ್ನ ತಪ್ಪೇನು?’ ಎಂಬ ನ್ಯಾಯವು ಅಂಥ ಹೊತ್ತಿನಲ್ಲಿ ಯಾರ ಮನಸ್ಸಿಗಾದರೂ ಸುಲಭವಾಗಿ ಹೊಳೆಯುವದು. ಕೆಲವರು ಕೊಂಡರು. ಸಿದ್ದಾಪುರ ತಾಲ್ಲೂಕಿನ ಮಾವಿನಗುಂಡಿಯಲ್ಲಿ ಸ್ತ್ರೀಯರು ಜಪ್ತಿಯಾದ ಆಸ್ತಿಯನ್ನು ಕೊಂಡವರ ಮನೆಯ ಮುಂದೆ ಉಪವಾಸ ಕುಳಿತು ಸತ್ಯಾಗ್ರಹ ಮಾಡಿದರು. ಆ ತಾಯಂದಿರು ಕೇಳಿದ್ದು ಭಿಕ್ಷೆಯನ್ನಲ್ಲ. ನೆರೆಯವನ ಕಷ್ಟವನ್ನು ಲಾಭದ ಪೇಟೆಯನ್ನಾಗಿ ಮಾಡಿಕೊಳ್ಳಬಾರದೆಂಬ ಧರ್ಮವನ್ನು ಅವರು ಕೇಳಿದರು. 1934ರಲ್ಲಿ ಮಹಾತ್ಮಾ ಗಾಂಧಿಯವರು ಶಿರಸಿ-ಸಿದ್ದಾಪುರಗಳಿಗೆ ಬಂದು ಈ ಸೀಮೆಯ ಜನರನ್ನು ಕಂಡುಹೋದರು. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ಸಿನ ಮಂತ್ರಿಮಂಡಲವು ಬಂದ ತರುವಾಯ ಕಳೆದುಕೊಂಡ ಜಮೀನುಗಳನ್ನು ಹಿಂದಿರುಗಿಸಲು ಕಾಯದೆಯಾಯಿತು.

ಕೊಡುವ ಕೈಯಷ್ಟೇ ತೆಗೆದುಕೊಳ್ಳದ ಕೈಯೂ ಪವಿತ್ರವೆಂಬದು ಇದರಿಂದ ಸಿದ್ಧವಾಯಿತು. ಶರಣರಿಗೆ ಇದು ಹೊಸ ಮಾತಲ್ಲ. ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ಬಲ್ಲದ ಭಕ್ತರು ವಿರಳ. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಂಪತಿಗಳು ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಸಂತೋಷಪಡಲಿಲ್ಲ. ಅಗತ್ಯಕ್ಕೆ ಮೀರಿದ್ದನ್ನು ಮರಳಿ ಅಲ್ಲಿಯೇ ಸುರಿದು ಬರಬೇಕೆಂದು ಪತಿಗೆ ತಿಳಿಹೇಳಿದರು. ಆ ಅಕ್ಕಿಯು ಕದ್ದದ್ದಲ್ಲ, ಮೋಸದಿಂದ ಬಂದದ್ದೂ ಅಲ್ಲ. ಆದರೂ ತಮಗೆ ಸಲ್ಲತಕ್ಕದ್ದಕ್ಕಿಂತ ಹೆಚ್ಚಾದದ್ದೆಂಬ ಒಂದೇ ಕಾರಣಕ್ಕೆ ಅದು ಅವರಿಗೆ ಬೇಡವಾಯಿತು. ಹೆಚ್ಚಿಗೆ ತೆಗೆದುಕೊಳ್ಳದ ಆ ಮನೆಯಲ್ಲಿಯೇ ಜಂಗಮಕ್ಕೆ ಎಂದೂ ಅನ್ನದ ಕೊರತೆಯಾಗಲಿಲ್ಲ.

ಈಗ ಕರನಿರಾಕರಣೆಯ ಕಾಲವಿಲ್ಲ. ಆದರೆ ಲಿಲಾವು ನಿಂತಿಲ್ಲ. ನೆರೆಯವನು ಸಾಲಕ್ಕೆ ಸಿಕ್ಕು ತೋಟ ಮಾರುವ ಹೊತ್ತಿನಲ್ಲಿ ಬೆಲೆಯನ್ನು ಜಗ್ಗಿ ಇಳಿಸುವದು, ವಿಧವೆಯ ಬೇಲಿಯನ್ನು ವರ್ಷಕ್ಕೆ ಒಂದು ಮಾರು ಒಳಕ್ಕೆ ಸರಿಸುವದು, ಅಕ್ಷರ ಬಾರದವನ ಕಾಗದವನ್ನು ಓದಿಹೇಳುವಾಗ ಒಂದು ಮಾತನ್ನು ಮರೆಮಾಚುವದು, ಇವೆಲ್ಲವೂ ಲಿಲಾವುಗಳೇ. ಇಂಥ ಕಡೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡವನು ಯಾರಿಗೂ ಏನನ್ನೂ ಕೊಟ್ಟಂತೆ ಕಾಣುವದಿಲ್ಲ. ಅವನ ಹೆಸರು ಯಾವ ಕಲ್ಲಿನ ಮೇಲೆಯೂ ಬರೆಯಲ್ಪಡುವದಿಲ್ಲ. ಆದರೂ ಅವನು ಮಾಡಿದ್ದು ದೊಡ್ಡ ದಾಸೋಹ.

ಯಲ್ಲಾಪುರದ ಕಡೆಯಿಂದ ಈ ಕಾಲದ ಉದಾಹರಣೆಯನ್ನು ನೋಡಬಹುದು. ಹುಬ್ಬಳ್ಳಿಯಿಂದ ಅಂಕೋಲೆಗೆ ಇಳಿಯುವ ಹೆದ್ದಾರಿಯು ಈ ತಾಲ್ಲೂಕನ್ನು ಹಾದು ಅರಬೈಲು ಘಟ್ಟದಲ್ಲಿ ಇಳಿಯುತ್ತದೆ. ಹಗಲಿರುಳು ದೂರದೇಶದ ಲಾರಿಗಳು ಅಲ್ಲಿ ಸಂಚರಿಸುತ್ತವೆ. 2021ರ ಜುಲೈ ತಿಂಗಳ ಮಳೆಗೆ ಆ ಘಟ್ಟದಲ್ಲಿ ರಸ್ತೆ ಕುಸಿದು ಸಂಚಾರವು ನಿಂತಿತು. ಅದೇ ಮಳೆಯಲ್ಲಿ ಕಳಚೆ ಗ್ರಾಮದ ಗುಡ್ಡಗಳು ಜರಿದು ಮನೆಗಳೂ ತೋಟಗಳೂ ದಾರಿಗಳೂ ಹಾಳಾದವು. ಹಿಂದಿನ ದಿನ ಅತಿಥಿಯನ್ನು ಸತ್ಕರಿಸಿದ ಗೃಹಸ್ಥನು ಮರುದಿನ ತಾನೇ ಬೇರೊಬ್ಬರ ಮಾಡಿನ ಕೆಳಗೆ ನಿಲ್ಲಬೇಕಾಗುವ ವಿಪರೀತವು ಇಂಥ ಸಮಯದಲ್ಲಿ ಕಾಣುವದು. ಕೊಡುವವನು, ಬೇಡುವವನು ಎಂಬ ಎರಡು ಜಾತಿಗಳನ್ನು ಶಿವನು ಸೃಷ್ಟಿಸಿಲ್ಲ. ಒಂದು ರಾತ್ರಿಯ ಮಳೆ ಸಾಕು, ಸ್ಥಾನಗಳು ಅದಲುಬದಲಾಗುತ್ತವೆ. ಇದನ್ನರಿತವನ ಉಪಕಾರದಲ್ಲಿ ಗರ್ವವು ಸೇರುವದಿಲ್ಲ.

ಮತ್ತೊಂದು ಕಷ್ಟವು ಸದ್ದಿಲ್ಲದೆ ಬಂದಿದೆ. ಈ ಮೂರು ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಮಕ್ಕಳು ಓದಿ ಬೆಂಗಳೂರು ಮೊದಲಾದ ನಗರಗಳಿಗೆ ಹೋಗಿದ್ದಾರೆ. ದೊಡ್ಡ ಮನೆ, ವಿಶಾಲವಾದ ಅಂಗಳ, ಒಳಗೆ ವೃದ್ಧ ದಂಪತಿಗಳಿಬ್ಬರೇ. ಅವರಿಗೆ ಅನ್ನದ ಕೊರತೆಯಿಲ್ಲ, ಮಾತಿನ ಕೊರತೆಯಿದೆ. ಪೇಟೆಗೆ ಹೋಗುವವನು ಅವರ ಬಾಗಿಲಲ್ಲಿ ನಿಂತು ‘ಶಿರಸಿಯಿಂದ ಔಷಧ ಏನಾದರೂ ತರಬೇಕೆ, ಅಜ್ಜಾ?’ ಎಂದು ಕೇಳಿದರೆ ಅವನ ದಾರಿಯು ಒಂದು ಗಳಿಗೆಯಷ್ಟು ಮಾತ್ರ ಉದ್ದವಾಗುವದು. ಬಸವಣ್ಣನವರು ಅಂದು ಗೃಹಸ್ಥನಿಂದ ಕೇಳಿದ ಕ್ಷೇಮಸಮಾಚಾರದ ಮಾತಿಗೆ ಇಂದು ಹೆಚ್ಚು ಹಸಿದಿರುವ ಮನೆಗಳು ಇವೇ.

ಆದುದರಿಂದ ಭಕ್ತರು ದಿನದಿನವೂ ಸಾಯಂಕಾಲದ ಪೂಜೆಗೆ ಕುಳಿತಾಗ, ಲಿಂಗವನ್ನು ಕರಸ್ಥಲಕ್ಕೆ ತೆಗೆದುಕೊಳ್ಳುವ ಮೊದಲು, ಮೂರು ಪ್ರಶ್ನೆಗಳನ್ನು ತಮಗೆ ತಾವೇ ಕೇಳಿಕೊಳ್ಳುವದು ಉಚಿತ. ಮುಯ್ಯಿ ತೀರಿಸಲಾರದ ಒಬ್ಬನಿಗಾದರೂ ಇಂದು ಏನನ್ನಾದರೂ ಮಾಡಿದ್ದುಂಟೆ? ಇನ್ನೊಬ್ಬನ ಕಷ್ಟದಿಂದ ಬರಬಹುದಾಗಿದ್ದ ಲಾಭವನ್ನು ಇಂದು ಬಿಟ್ಟುಕೊಟ್ಟದ್ದುಂಟೆ? ಮಾಡಿದ್ದನ್ನು ಯಾರ ಮುಂದೆಯೂ ಆಡದೆ ಇರಲಾಯಿತೆ? ಮೂರನೆಯ ಪ್ರಶ್ನೆಯೇ ಹೆಚ್ಚು ಕಠಿಣ. ‘ನಾನು ಮಾಡಿದೆ’ ಎಂಬ ಭಾವವು ಮಾಡಿದ್ದನ್ನೆಲ್ಲ ಕೆಡಿಸುವದೆಂದು ಶರಣರು ಮತ್ತೆ ಮತ್ತೆ ಎಚ್ಚರಿಸಿದ್ದಾರೆ.

ಕರಸ್ಥಲದಲ್ಲಿ ಲಿಂಗವಿರುವ ಕೈ ಹಗಲೆಲ್ಲ ಏನು ಮಾಡಿತೆಂಬದನ್ನು ಲಿಂಗವು ಬಲ್ಲದು. ಹಳ್ಳದ ಸಂಕಕ್ಕೆ ಹೊಸ ಮರವನ್ನು ಇರಿಸಿ, ಕೈ ತೊಳೆದುಕೊಂಡು ಸುಮ್ಮನೆ ಮನೆಗೆ ಬಂದವನು ಆ ಕೈಯನ್ನು ನಿಶ್ಚಿಂತೆಯಿಂದ ಪೂಜೆಗೆ ಚಾಚಬಹುದು.