ಬ್ಯಾಡಗಿ ಮೆಣಸಿನಕಾಯಿ ಕಲಿಸುವ ಔಷಧಪಾಠ

ಔಷಧವು ದೇಹದಲ್ಲಿ ಹೇಗೆ ಕಾರ್ಯವೆಸಗುತ್ತದೆ ಎಂಬುದನ್ನು ಅರಿಯಲು ನಮ್ಮ ಬ್ಯಾಡಗಿ ಮೆಣಸಿನಕಾಯಿಯೇ ಉತ್ತಮ ನಿದರ್ಶನ. ಅದರ ಕೆಂಪಿಗೆ ಮುಖ್ಯ ಕಾರಣ ಕ್ಯಾಪ್ಸಾಂಥಿನ್. ಖಾರಕ್ಕೆ ಕಾರಣ ಕ್ಯಾಪ್ಸೈಸಿನ್. ಬ್ಯಾಡಗಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಆದ್ದರಿಂದ ಬಣ್ಣ ನೋಡಿ ಗುಣವನ್ನು ಅಳೆಯಲಾಗದು. ಒಂದೇ ಬಣ್ಣದ ಎರಡು ಗುಳಿಗೆಗಳ ವಿಷಯದಲ್ಲಿಯೂ ಇದೇ ಸತ್ಯ.

ನರಗಳ ತುದಿಯಲ್ಲಿ ಸುಡುವ ಶಾಖವನ್ನು ಗುರುತಿಸುವ ಗ್ರಾಹಕಗಳಿವೆ. ಬೀಗಕ್ಕೆ ಕೀಲಿ ಹೊಂದುವಂತೆ ಕ್ಯಾಪ್ಸೈಸಿನ್ ಅವುಗಳಿಗೆ ಹೊಂದುತ್ತದೆ. ಬೆಂಕಿಯಿಲ್ಲದೆಯೂ ಉರಿಯ ಅನುಭವವಾಗುತ್ತದೆ. 1997ರಲ್ಲಿ ಈ ಗ್ರಾಹಕವನ್ನು ಕಂಡುಹಿಡಿದ ತಂಡದ ಮುಖ್ಯಸ್ಥ ಡೇವಿಡ್ ಜೂಲಿಯಸ್ ಅವರು 2021ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಕ್ಯಾಪ್ಸೈಸಿನ್ನನ್ನು ನಿಯತವಾಗಿ ಲೇಪಿಸಿದರೆ ಆ ನರತುದಿಗಳ ಸ್ಪಂದನ ಕುಗ್ಗಿ ನೋವು ತಗ್ಗುತ್ತದೆ. ಸಂಧಿನೋವಿನ ಕೆಲವು ಮುಲಾಮುಗಳ ತತ್ತ್ವವಿದು.

ಹಾಗಾದರೆ ಮೆಣಸಿನಕಾಯಿಯನ್ನೇ ಅರೆದು ಹಚ್ಚಬಹುದೇ ಎಂದು ಹಾವೇರಿ, ರಾಣೇಬೆನ್ನೂರು ಕಡೆಯ ಹಿರಿಯರು ನಮ್ಮನ್ನು ಕೇಳುವುದುಂಟು. ಸರ್ವಥಾ ಕೂಡದು. ಇಂತಹ ಮುಲಾಮಿನ 100 ಗ್ರಾಂನಲ್ಲಿ ಸಾಮಾನ್ಯವಾಗಿ 25ರಿಂದ 75 ಮಿಲಿಗ್ರಾಂ ಮಾತ್ರ ಕ್ಯಾಪ್ಸೈಸಿನ್ ಇರುತ್ತದೆ. ಅರೆದ ಕಾಯಿಯಲ್ಲಿ ಎಷ್ಟಿದೆ ಎಂದು ಅಡುಗೆಮನೆಯಲ್ಲಿ ಯಾರೂ ಹೇಳಲಾರರು. ಮಧುಮೇಹದಿಂದ ಪಾದಗಳ ಸ್ಪರ್ಶಜ್ಞಾನ ಮಂದವಾದವರಿಗೆ ಚರ್ಮ ಕೆರಳಿದುದು ತಿಳಿಯದೆಯೇ ಹುಣ್ಣಾದೀತು. ವೈದ್ಯರು ಸೂಚಿಸಿದ ಮುಲಾಮನ್ನೂ ಗಾಯದ ಮೇಲೆ ಹಚ್ಚಬಾರದು. ಹಚ್ಚಿದ ಬಳಿಕ ಸಾಬೂನಿನಿಂದ ಕೈ ತೊಳೆಯಬೇಕು.

ಮಾತ್ರೆ ಎಂಬ ಪದದ ಮೂಲಾರ್ಥವೇ ಪ್ರಮಾಣ. ದ್ರವ್ಯದೊಡನೆ ಪ್ರಮಾಣವನ್ನೂ ರೋಗಿಯ ಬಲವನ್ನೂ ವಿಚಾರಿಸಬೇಕೆಂದು ಆಯುರ್ವೇದವೂ ವಿಧಿಸುತ್ತದೆ. ಸದ್ಭಕ್ತರು ಇದನ್ನು ಮರೆಯದಿರಲಿ.